ರಿಮೋಟ್ ಯಾರ ಕೈಯಲ್ಲಿ?

ಮೊದಲೇ ಒಂದು ಮಾತು. ಈ ಬರಹದಲ್ಲಿ 'ನಾವು' ಎಂದು ಬಂದಲ್ಲೆಲ್ಲ ಓದುಗರು 'ಈ ಬಡಪಾಯಿ' ಎಂದೇ ಓದಿಕೊಳ್ಳಬೇಕು. ದೊಡ್ಡಸ್ತಿಕೆಯಿಂದ ಹೀಗೆ ಬರೆಯುತ್ತಿಲ್ಲ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತದ್ದರಿಂದ 'ಹಮ್' ಎನ್ನುವ ಅಭ್ಯಾಸ ಇನ್ನೂ ಬಿಟ್ಟಿಲ್ಲ ಎಂಬುದು ಒಂದು ಕಾರಣ. ನಮ್ಮ ಮನೆಯಲ್ಲಿ 'ನಾನು' ಎಂಬ ಶಬ್ದಕ್ಕೆ ಬಹುಮತವಿಲ್ಲ ಎಂಬುದು ಇನ್ನೊಂದು ಕಾರಣ.

ಹಾಲಾಡಿಯ ನಮ್ಮ ಮನೆಯಲ್ಲಿ ಇರುವುದು ಐದು ಜನ. ಅಮ್ಮಿ, ನಾವು, ನಮ್ಮಾಕೆ, ಮಗಳು ಮತ್ತು ಮಗ. ಟೀವಿ ಒಂದು, ರಿಮೋಟೂ ಒಂದು. ಸಂಜೆ ಆರರಿಂದ ಏಳರವರೆಗೆ ಮಗನ ಕಾರ್ಟೂನು. ಮಗ್ರಿಬ್ ನಮಾಜಿನ ಹೊತ್ತಿಗೆ ಟೀವಿ ಬಂದ್. ಆಮೇಲೆ ನಮ್ಮಾಕೆಯ ಧಾರಾವಾಹಿ. ಅದರಲ್ಲಿ ಅತ್ತೆ ಸೊಸೆಗೆ ಕೊಡುವ ಕಾಟ ನೋಡಿ ಮರುಗುವವರಲ್ಲಿ ಅಮ್ಮಿಯೇ ಮೊದಲಿಗರು. ಸೊಸೆ ಪಕ್ಕದಲ್ಲೇ ಕುಳಿತು ಬೀನ್ಸ್ ಮುರಿಯುತ್ತಿರುತ್ತಾಳೆ. ಶನಿವಾರ, ಭಾನುವಾರ ಮಗಳ ಹಾಡಿನ ಸ್ಪರ್ಧೆ, ನಗೆಯ ಕಾರ್ಯಕ್ರಮ. ಎಲ್ಲರದ್ದೂ ಮುಗಿದು ರಿಮೋಟು ನಮ್ಮ ಕೈಗೆ ಬರುವಾಗ ರಾತ್ರಿ ಒಂಬತ್ತು. ಆಗ ನಾವು ವಾರ್ತೆ ಹಾಕುತ್ತೇವೆ. ಹಾಕಿದ ಐದು ನಿಮಿಷಕ್ಕೆ ಎಲ್ಲರೂ ಎದ್ದು ಹೋಗುತ್ತಾರೆ. ಹೀಗಾಗಿ ನಮ್ಮದು ಖಾಲಿ ಸದನದ ಆಡಳಿತ.

ಮಕ್ಕಳಿಗೆ ರಾಜಕೀಯ ಅರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2018ರ ಮೇ 15ರಂದು ವಿಧಾನಸಭೆಯ ಮತ ಎಣಿಕೆ ನಡೆಯುತ್ತಿತ್ತು. ನಮ್ಮ ಕ್ಷೇತ್ರದ ಅಭ್ಯರ್ಥಿ ಹಾಲಾಡಿ ಶ್ರೀನಿವಾಸ ಶೆಟ್ಟರು. ಈ ಕಡೆ ಅವರ ಪೂರ್ತಿ ಹೆಸರು ಹೇಳುವವರು ಕಡಿಮೆ, ಊರಿನ ಹೆಸರೇ ಅವರ ಹೆಸರು. ಟೀವಿಯಲ್ಲಿ 'ಹಾಲಾಡಿ ಮುನ್ನಡೆ' ಎಂಬ ಅಕ್ಷರ ಓಡಿತು. ಅಕ್ಕ ಓದಿ ಹೇಳಿದ್ದನ್ನು ಕೇಳಿ ಐದು ವರ್ಷದ ಮಗ ನಮ್ಮ ಲುಂಗಿ ಎಳೆದು, "ಅಬ್ಬಾ, ಹಾಲಾಡಿ ಮುಂದೆ ಹೋಗ್ತಾ ಇದೆಯಂತೆ, ನಾವೂ ಹೋಗ್ತಾ ಇದ್ದೇವಾ?" ಎಂದು ಕೇಳಿದ. ಆ ಪ್ರಶ್ನೆಗೆ ಅಂದೂ ಉತ್ತರ ಹೇಳಲಾಗಲಿಲ್ಲ, ಇಂದೂ ಯೋಚಿಸುತ್ತಲೇ ಇದ್ದೇವೆ.

ಆ ವರ್ಷ ಯಾರಿಗೂ ಬಹುಮತ ಬರಲಿಲ್ಲ. ಮೂರು ದಿನದ ಮುಖ್ಯಮಂತ್ರಿ, ರೆಸಾರ್ಟು, ವಿಶ್ವಾಸಮತ ಎಂದು ಟೀವಿಯವರಿಗೆ ಹಬ್ಬ. ನಮ್ಮ ಮನೆಯಲ್ಲೂ ಅದೇ ವಾರ ರಿಮೋಟಿನ ವಿಷಯಕ್ಕೆ ವಾಗ್ವಾದ ಆಗಿ, ನಮ್ಮಾಕೆ ಮಕ್ಕಳಿಬ್ಬರನ್ನೂ ಕರೆದುಕೊಂಡು ತವರಿಗೆ ಹೊರಟಳು. ಶಾಸಕರನ್ನು ಕರೆದೊಯ್ದದ್ದಕ್ಕೂ ಇದಕ್ಕೂ ನಮಗೆ ವ್ಯತ್ಯಾಸ ಕಾಣಲಿಲ್ಲ. ಅಮ್ಮಿ ತಟಸ್ಥರು. ನಾಲ್ಕು ದಿನ ಒಬ್ಬರೇ ವಾರ್ತೆ ನೋಡಿ, ಒಬ್ಬರೇ ಚಾ ಮಾಡಿ ಕುಡಿದು, ಐದನೆಯ ದಿನ ನಾವೇ ಫೋನು ಮಾಡಿ ಬೇಷರತ್ ಬೆಂಬಲ ಘೋಷಿಸಿದೆವು. ಬೆಂಗಳೂರಿನ ಸಮ್ಮಿಶ್ರ ಸರಕಾರ 2019ರ ಜುಲೈಯಲ್ಲಿ ಬಿತ್ತು. ನಮ್ಮದು ಇನ್ನೂ ನಡೆಯುತ್ತಿದೆ.

ಇದೆಲ್ಲ ನಗುವ ಮಾತಾಯಿತು. ಆದರೆ ಟೀವಿಯ ಬಗ್ಗೆ ಬರೆಯಲು ಕುಳಿತಾಗ ನಮಗೆ ನೆನಪಾಗುವುದು ರಿಮೋಟೇ ಇಲ್ಲದ ಕಾಲ.

ಆಗ ನಮಗೆ ಎಂಟು ವರ್ಷ. ಕುಂದಾಪುರದ ನಾನಿಯ ಮನೆಯಲ್ಲಿದ್ದು ಉರ್ದು ಶಾಲೆಗೆ ಹೋಗುತ್ತಿದ್ದೆವು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹಾಲಾಡಿಗೆ ಬಂದರೆ ಸೋಮವಾರ ಬೆಳಿಗ್ಗೆ ಪುನಃ ಪ್ರಯಾಣ. 1987ರ ಜನವರಿ 25ರಿಂದ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾನಂದ ಸಾಗರರ 'ರಾಮಾಯಣ' ಬರತೊಡಗಿತು. ನಮ್ಮ ಹತ್ತಿರದಲ್ಲಿ ಟೀವಿ ಇದ್ದದ್ದು ಆಚೆಮನೆ ಹೆಗ್ಡೇರಲ್ಲಿ ಮಾತ್ರ. ಅಡಿಕೆ ಮರಕ್ಕಿಂತ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿದ್ದರು. ಗಾಳಿ ಬೀಸಿದರೆ ಚಿತ್ರ ಇದ್ದಲ್ಲಿ ಸ್ವರ ಇಲ್ಲ, ಸ್ವರ ಇದ್ದಲ್ಲಿ ಚಿತ್ರ ಇಲ್ಲ. ಒಬ್ಬ ಹೊರಗೆ ನಿಂತು ಕಂಬ ತಿರುಗಿಸುವುದು, ಒಳಗಿನಿಂದ "ಬಂತ್, ಬಂತ್, ಹೋಯ್ತ್" ಎಂದು ಇಪ್ಪತ್ತು ಜನ ಕೂಗುವುದು.

ಅಲ್ಲಿ ಒಂದು ಕಷ್ಟ ಇತ್ತು. ಧಾರಾವಾಹಿ ಹಿಂದಿಯಲ್ಲಿ. ನೋಡುವವರಲ್ಲಿ ಹೆಚ್ಚಿನವರಿಗೆ ಕುಂದಾಪ್ರ ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ಹೆಗ್ಡೇರ ತಾಯಿ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವರು, ನಮ್ಮನ್ನು ಕರೆದು ತಮ್ಮ ಕುರ್ಚಿಯ ಪಕ್ಕದಲ್ಲಿ ಕೂರಿಸಿಕೊಂಡರು. "ಈ ಮಾಣಿ ಉರ್ದು ಶಾಲಿಗ್ ಹೋಪ್ದಲ್ದಾ, ಇವ್ನಿಗ್ ಗೊತ್ತಾತ್ತ್" ಎಂದು ನಮ್ಮನ್ನು ದುಭಾಷಿಯಾಗಿ ನೇಮಿಸಿದರು. ಸಂಬಳ, ಒಂದು ಲೋಟ ಬೆಲ್ಲದ ಕಾಫಿ ಮತ್ತು ಎರಡು ಚಕ್ಕುಲಿ.

ಕೆಲಸ ನಾವು ತಿಳಿದಷ್ಟು ಸುಲಭ ಇರಲಿಲ್ಲ. ಆ ಹಿಂದಿಯಲ್ಲಿ ಸಂಸ್ಕೃತವೇ ಹೆಚ್ಚು. ಮಾಂಗನಾ, ಜಾನಾ, ಲೌಟ್‌ನಾ ಇಂಥ ಕ್ರಿಯಾಪದಗಳು ನಮಗೆ ಗೊತ್ತು. ಆಜ್ಞೆ, ವಚನ, ವನವಾಸ ಮುಂತಾದ ದೊಡ್ಡ ಶಬ್ದಗಳು ಗೊತ್ತಿಲ್ಲ. ಅವು ದೊಡ್ಡಮ್ಮನಿಗೆ ಗೊತ್ತು. ಮಂದಾರ್ತಿ ಮೇಳದ ಆಟ ಎಲ್ಲಿದ್ದರೂ ಗದ್ದೆಯಂಚಿನಲ್ಲಿ ಚಾಪೆ ಹಾಕಿ ಬೆಳಗಿನವರೆಗೆ ಕುಳಿತವರು ಅವರು. ಕೈಕೇಯಿ ದಶರಥನ ಮುಂದೆ ನಿಂತಾಗ, "ಏನೋ ಕೇಳುತ್ತಿದ್ದಾಳೆ" ಎಂದು ನಾವು ಹೇಳಿದರೆ, "ಅಷ್ಟ್ ನಂಗೂ ಗೊತ್ತಿತ್ತ್ ಮಾಣಿ, ಅವ್ಳ್ ವರ ಕೇಂಬುದ್" ಎಂದು ಅವರೇ ಮುಂದಿನ ಕಥೆ ಹೇಳಿಬಿಡುತ್ತಿದ್ದರು. ಮಾತು ನಮಗೆ ಅರ್ಧ ಗೊತ್ತು, ಕಥೆ ಅವರಿಗೆ ಪೂರ್ತಿ ಗೊತ್ತು. ಇಬ್ಬರೂ ಸೇರಿ ಚಾವಡಿಯಲ್ಲಿದ್ದವರಿಗೆ ರಾಮಾಯಣ ದಾಟಿಸುತ್ತಿದ್ದೆವು.

ಧಾರಾವಾಹಿ ಮುಗಿದ ಮೇಲೆ ಅಂಗಳದಲ್ಲಿ ಯುದ್ಧ. ಬಿದಿರಿನ ಸೀಳಿಗೆ ಬಾಳೆನಾರು ಕಟ್ಟಿದರೆ ಬಿಲ್ಲು. ಬಾಣಕ್ಕೆ ಹಿಡಿಕಡ್ಡಿ. ಹೆಗ್ಡೇರ ಮಗ ನಮ್ಮ ಓರಗೆಯವ, ಅವನು ರಾಮನಾದರೆ ನಾವು ಲಕ್ಷ್ಮಣ, ಮುಂದಿನ ವಾರ ಅದಲು ಬದಲು. ರಾವಣನಾಗಲು ಯಾರೂ ಒಪ್ಪದ ಕಾರಣ ಹೆಗ್ಡೇರ ನಾಯಿಯೇ ಕಾಯಂ ರಾವಣ. ಸೋಮವಾರ ಬೆಳಿಗ್ಗೆ ಎರಡೂ ಮನೆಯಲ್ಲಿ ಅಂಗಳ ಗುಡಿಸಲು ಹಿಡಿ ಇಲ್ಲ. ಆಚೆ ಮನೆಯಲ್ಲಿ ಅವನಿಗೆ ಪೆಟ್ಟು, ಈಚೆ ಮನೆಯಲ್ಲಿ ನಮಗೆ.

ಮುಂದೆ 1988ರಿಂದ 1990ರವರೆಗೆ ಬಿ.ಆರ್. ಚೋಪ್ರಾರ 'ಮಹಾಭಾರತ' ಬಂತು. ಅದಕ್ಕೆ ಸಂಭಾಷಣೆ ಬರೆದವರು 'ಆಧಾ ಗಾಂವ್' ಕಾದಂಬರಿಯ ರಾಹಿ ಮಾಸೂಮ್ ರಜಾ. ನಾವು ಕಥೆ ಬರೆಯಲು ಶುರು ಮಾಡಿದ ಮೇಲಷ್ಟೇ ಈ ಸಂಗತಿ ನಮ್ಮ ಗಮನಕ್ಕೆ ಬಂದದ್ದು. ಆ ಕಾಲದಲ್ಲಿ ಹೆಸರು ಪರದೆಯ ಮೇಲೆ ಹೋಗುತ್ತಿದ್ದರೂ ಹೆಗ್ಡೇರ ಚಾವಡಿಯಲ್ಲಿ ಅದನ್ನು ಯಾರೂ ಒಂದು ಸಂಗತಿ ಎಂದು ಎಣಿಸಿರಲಿಲ್ಲ. ಎಂಟು ವರ್ಷದ ದುಭಾಷಿಯ ಹೆಸರನ್ನೂ ಎಣಿಸಿರಲಿಲ್ಲ.

* * *

ಆಮೇಲೆ 1994ರಲ್ಲಿ ಉದಯ ಟೀವಿ, 2000ದಲ್ಲಿ ಈಟೀವಿ, ಮತ್ತೆ ಇಪ್ಪತ್ತನಾಲ್ಕು ಗಂಟೆಯ ಸುದ್ದಿ ವಾಹಿನಿಗಳು ಬಂದವು. ಮನೆಮನೆಗೆ ಡಿಶ್ಶು ಬಂತು. ಎಲ್ಲರ ಮನೆಯಲ್ಲೂ ಟೀವಿ ಇದ್ದ ಮೇಲೆ ಆಚೆಮನೆಗೆ ಟೀವಿ ನೋಡಲು ಹೋಗುವ ಅಗತ್ಯವೂ ಉಳಿಯಲಿಲ್ಲ. ದೊಡ್ಡಮ್ಮ ತೀರಿಕೊಂಡರು. ಹೆಗ್ಡೇರಿಗೂ ವಯಸ್ಸಾಯಿತು. ನಮ್ಮ ಜೊತೆಗಾರ ಮುಂಬಯಿಯ ಹೋಟೆಲಿನಲ್ಲಿ ಕೆಲವು ವರ್ಷ ದುಡಿದು ಊರಿಗೆ ಬಂದು ದನ ಕಟ್ಟಿದ. ಈಗ ಊರವರಿಗೆ ಅವನೇ ಹೆಗ್ಡೇರು. ದಿನಾ ಬೆಳಿಗ್ಗೆ ನಮ್ಮ ಜಗಲಿಗೆ ಬಂದು, ಅಮ್ಮಿ ಹಿಡಿದ ಪಾತ್ರೆಗೆ ಹಾಲು ಹೊಯ್ದು, ಒಂದು ಸುದ್ದಿ ಹೇಳಿ, ಒಂದು ಸುದ್ದಿ ಕೇಳಿ ಹೋಗುವವನು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ಮನೆಯಲ್ಲಿ ಕುಳಿತವರ ಹೊತ್ತು ಹೋಗಲೆಂದು ದೂರದರ್ಶನ ಮಾರ್ಚ್ 28ರಿಂದ ಅದೇ 'ರಾಮಾಯಣ'ವನ್ನು ಪುನಃ ಹಾಕಿತು. ಏಪ್ರಿಲ್ 16ರ ಒಂದೇ ದಿನ ಅದನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನದವರು ಲೆಕ್ಕ ಕೊಟ್ಟರು. ಆ ಲೆಕ್ಕದಲ್ಲಿ ನಮ್ಮ ಮನೆಯ ಐದು ಜನವೂ ಇದ್ದೇವೆ. ನಮಗೆ ಹಳೆಯ ನೆನಪು. ಮಗನಿಗೆ ಮಾತ್ರ ಸಮಾಧಾನ ಇಲ್ಲ. "ಬಾಣ ಯಾಕೆ ಇಷ್ಟು ನಿಧಾನ ಹೋಗ್ತದೆ ಅಬ್ಬಾ?" ಎಂದು ತಕರಾರು. ರಾತ್ರಿಯಾದರೆ ನಮ್ಮಾಕೆಯ ಮೊಬೈಲಿನಲ್ಲಿ ಉರ್ದುವಿಗೆ ಡಬ್ ಆದ ತುರ್ಕಿಯ 'ಎರ್ತುಗ್ರುಲ್'. ಅದರ ಮುಂದೆಯೂ ಅವನೇ ಮೊದಲ ಸಾಲಿನಲ್ಲಿ. ಬೆಳಿಗ್ಗೆ ಬಿಲ್ಲು, ರಾತ್ರಿ ಕತ್ತಿ. ಒಂದು ದಿನ ನೋಡುತ್ತೇವೆ, ಮನೆಯಲ್ಲಿ ಹಿಡಿ ಇಲ್ಲ! ಅಮ್ಮಿ ನಮ್ಮನ್ನು ನೋಡಿ ನಕ್ಕರು. ಮೂವತ್ತಮೂರು ವರ್ಷದ ಹಿಂದಿನ ಕಳ್ಳ ಈಗ ಫಿರ್ಯಾದುದಾರನಾಗಿದ್ದ.

ಆದರೆ ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮಾರ್ಚ್ ಕೊನೆಗೆ ದಿಲ್ಲಿಯ ನಿಜಾಮುದ್ದೀನ್‌ನಲ್ಲಿ ತಬ್ಲೀಗಿ ಜಮಾಅತ್ ಸಭೆಗೆ ಬಂದವರಲ್ಲಿ ಸೋಂಕು ಕಂಡ ಸುದ್ದಿ ಬಂತು. ಸೋಂಕು ಇದ್ದದ್ದು ಹೌದು, ಅದನ್ನು ಹೇಳಲೇಬೇಕಿತ್ತು. ಆದರೆ ರಾತ್ರಿ ಒಂಬತ್ತಕ್ಕೆ ನಾವು ಹಾಕಿದ ವಾರ್ತೆಯಲ್ಲಿ ಹೇಳುತ್ತಿದ್ದುದು ರೋಗದ ಸುದ್ದಿಯಾಗಿರಲಿಲ್ಲ, ನಮ್ಮ ಸುದ್ದಿಯಾಗಿತ್ತು. ಟೊಪ್ಪಿ ಹಾಕಿದವರ ಚಿತ್ರ, ಪಕ್ಕದಲ್ಲಿ ಕೊರೊನಾದ ಚಿತ್ರ, ಕೆಳಗೆ ಕೆಂಪಕ್ಷರ. ಅಂದಿನಿಂದ ನಾವು ವಾರ್ತೆ ಹಾಕಿದರೆ ಯಾರೂ ಎದ್ದು ಹೋಗಲಿಲ್ಲ. ಖಾಲಿ ಸದನ ತುಂಬಿತು. ಹನ್ನೊಂದು ವರ್ಷದ ಮಗಳು ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದಳು. ಒಂದು ರಾತ್ರಿ, "ನಮ್ಮಿಂದಲೇ ಬಂದದ್ದಾ ಅಬ್ಬಾ?" ಎಂದು ಕೇಳಿದಳು. ಕಥೆ ಬರೆಯುವವರೆಂದು ನಾಲ್ಕು ಜನ ನಮ್ಮನ್ನು ಗುರುತಿಸುತ್ತಾರೆ. ಆ ಒಂದು ಸಾಲಿಗೆ ಎದುರು ಸಾಲು ಸಿಗಲಿಲ್ಲ.

ಅದೇ ವಾರ ಹಾಲು ಜಗಲಿಗೆ ಬರುವುದು ನಿಂತಿತು. ಬೆಳಿಗ್ಗೆ ನೋಡಿದರೆ ಗೇಟಿನ ಕಂಬದ ಮೇಲೆ ಬಾಟಲಿ. ಮನುಷ್ಯ ಇಲ್ಲ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಕಿಟಕಿಯಿಂದ ಕಾದು ನೋಡಿದೆವು. ಜೊತೆಗಾರ ಬಂದ, ಬಾಟಲಿ ಇಟ್ಟ, ಮನೆಯ ಕಡೆ ಒಮ್ಮೆ ನೋಡಿ ಬೇಗ ಬೇಗ ಹೋದ.

ನಮ್ಮ ಮನಸ್ಸಿನಲ್ಲಿ ಏನೇನು ಬಂತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಇವನೂ ಹೀಗಾದನೇ ಎಂದುಕೊಂಡೆವು. ಹಳೆಯದನ್ನೆಲ್ಲ ಕೆದಕಿದೆವು. ಹೋದ ಚುನಾವಣೆಯಲ್ಲಿ ಅವನು ಯಾವ ಪಕ್ಷದ ಬಾವುಟ ಕಟ್ಟಿದ್ದ, ಮದುವೆಯ ಮನೆಯಲ್ಲಿ ಯಾವ ಮಾತಿಗೆ ನಕ್ಕಿದ್ದ, ಈದಿನ ಶೀರ್ ಖುರ್ಮಾ ಪೂರ್ತಿ ಕುಡಿದಿದ್ದನೋ ಅರ್ಧ ಬಿಟ್ಟಿದ್ದನೋ ಎಂದೆಲ್ಲ ಲೆಕ್ಕ ಹಾಕಿದೆವು. ನಮ್ಮಾಕೆ, "ನಾಳೆಯಿಂದ ಹಾಲು ಬೇಡ, ಹಾಲಿನ ಪುಡಿ ಇದೆ" ಎಂದಳು. ಹೌದೆಂದು ನಾವೂ ತಲೆಯಾಡಿಸಿದೆವು. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಅಮ್ಮಿ ಸುಬಹ್ ನಮಾಜು ಮುಗಿಸಿ ಸೀದಾ ಗೇಟಿನ ಹತ್ತಿರ ಹೋಗಿ ನಿಂತರು. ಜೊತೆಗಾರ ಬಂದ. "ಎಂತ ಮಾರಾಯಾ, ನಮ್ಮ ಮೇಲೆ ಕೋಪವಾ?" ಎಂದು ಕೇಳಿಯೇ ಬಿಟ್ಟರು. ನಾವು ಜಗಲಿಯಲ್ಲಿ ಉಸಿರು ಹಿಡಿದು ನಿಂತಿದ್ದೆವು. ಅವನು ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ, "ಕೋಪ ಎಂತಕ್ಕಮ್ಮ? ಎಲ್ಲಾ ಮನಿಗೂ ಹೀಂಗೇ ಇಡುದ್. ನಾನ್ ಊರೆಲ್ಲಾ ತಿರ್ಗುವವ. ನಿಮ್ಗ್ ಪ್ರಾಯ ಆಯ್ತ್, ದಮ್ಮ್ ಬೇರೆ ಇತ್ತ್. ನನ್ನಿಂದ ನಿಮ್ಗ್ ಬಪ್ದ್ ಬ್ಯಾಡ ಅಂದ್ಹೇಳಿ."

ಅಮ್ಮಿ ಸುಮ್ಮನೆ ನಿಂತರು. ಅವನು ಹೋಗಲಿಲ್ಲ. ತಲೆ ಕೆರೆದುಕೊಂಡು ಮತ್ತೊಂದು ಮಾತು ಹೇಳಿದ. "ಸುಳ್ಳ್ ಹೇಳುದಿಲ್ಲ ಅಮ್ಮ. ಟೀವಿ ಕಂಡ್ ಒಂದೆರಡ್ ದಿನ ನಮ್ಮನಿಯಲ್ಲೂ ಮಾತ್ ಬಂದದ್ ಹೌದ್. ಅಪ್ಪಯ್ಯ ಬೈದ್ರ್."

ಆ ಎರಡನೆಯ ಮಾತನ್ನು ಅವನು ಹೇಳದೆ ಇರಬಹುದಿತ್ತು. ಹೇಳಿದ್ದರಿಂದಲೇ ಮೊದಲನೆಯ ಮಾತೂ ನಿಜ ಎಂದು ನಮಗೆ ನಂಬಿಕೆ ಬಂತು. ನಾವು ಅಂಗಳಕ್ಕಿಳಿದು, ನಮ್ಮ ಮನೆಯಲ್ಲೂ ಮಾತು ಬಂದಿತ್ತು ಎಂದು ಒಪ್ಪಿಕೊಂಡೆವು. ಹಾಲಿನ ಪುಡಿಯ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಮಗ ಮರುದಿನ ಹೇಳಿಬಿಟ್ಟ.

ಎಲ್ಲ ಕಡೆ ಹೀಗೆ ಮುಗಿದಿರಲಿಲ್ಲ. ಅದೇ ದಿನಗಳಲ್ಲಿ ಪೇಟೆಯಲ್ಲಿ ಸಾಲಿನಲ್ಲಿ ನಿಂತಾಗ ನಮ್ಮನ್ನು ಕಂಡು ಪಕ್ಕಕ್ಕೆ ಸರಿದವರೂ ಇದ್ದರು. ಅದು ರೋಗದ ಅಂತರವೋ ಬೇರೆ ಅಂತರವೋ ಎಂದು ತಿಳಿಯುವುದು ಕಷ್ಟವಿರಲಿಲ್ಲ. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿ ಸಭೆಗೆ ಬಂದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಮಾಡಿ, ಮಾಧ್ಯಮಗಳ ದೊಡ್ಡ ಅಪಪ್ರಚಾರವನ್ನು ಎತ್ತಿ ಹೇಳಿತು, ಇವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದಿತು. 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳದ್ದೇ ಮಾನದಂಡ ಪ್ರಾಧಿಕಾರವು ಆ ದಿನಗಳ ಪ್ರಸಾರಕ್ಕಾಗಿ ಎರಡು ಕನ್ನಡ ವಾಹಿನಿಗಳಿಗೆ ದಂಡ ವಿಧಿಸಿತು. ಒಂದಕ್ಕೆ ಒಂದು ಲಕ್ಷ ರೂಪಾಯಿ, ಇನ್ನೊಂದಕ್ಕೆ ಐವತ್ತು ಸಾವಿರ. ಕೆಂಪಕ್ಷರ ಬಂದದ್ದು ಒಂದೇ ರಾತ್ರಿಯಲ್ಲಿ, ದಂಡ ಬರಲು ಒಂದು ವರ್ಷದ ಮೇಲಾಯಿತು. ಅಷ್ಟರಲ್ಲಿ ಎಷ್ಟು ಮನೆಗಳ ಗೇಟಿನಲ್ಲಿ ಎಷ್ಟು ಬಾಟಲಿ ಉಳಿದವೋ, ಎಷ್ಟು ಕಡೆ ಕೇಳಲು ಒಬ್ಬ ಅಮ್ಮಿ ಇರಲಿಲ್ಲವೋ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾಯಿದೆ ಬಂತು. ಮಸೂದೆ ಮಂಡಿಸಿದವರು ಅಮ್ಮಿ, ಅಂಗೀಕಾರ ಸರ್ವಾನುಮತದಿಂದ. ವಾರ್ತೆ ದಿನಕ್ಕೆ ಅರ್ಧ ಗಂಟೆ ಮಾತ್ರ. ಕೂಗಿದರೆ ಕೇಳುವಷ್ಟು ಹತ್ತಿರ ಇರುವವರ ಬಗ್ಗೆ ಟೀವಿಯನ್ನು ಕೇಳಬಾರದು, ಅವರನ್ನೇ ಕೇಳಬೇಕು.

* * *

ಕಾಯಿದೆಗೆ ದೊಡ್ಡ ಪರೀಕ್ಷೆ ಬಂದದ್ದು 2022ರ ಫೆಬ್ರವರಿಯಲ್ಲಿ. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿಷಯ ಕುಂದಾಪುರಕ್ಕೆ ಬಂತು. ಫೆಬ್ರವರಿ 3ರಂದು ಕಾಲೇಜಿನ ಗೇಟು ಮುಚ್ಚಿದ್ದನ್ನೂ ಹೊರಗೆ ನಿಂತ ಹುಡುಗಿಯರನ್ನೂ ದೇಶವೆಲ್ಲ ಟೀವಿಯಲ್ಲಿ ನೋಡಿತು. ಮಗಳಿಗೆ ಆಗ ಹದಿಮೂರು. ತನ್ನ ನಾನಿಯ ಮನೆಗೆ ಹೋಗುವಾಗ ಪ್ರತಿ ಸಲ ಕಾಣುವ ಊರು ಅದು. "ಇದು ನಮ್ಮ ಕುಂದಾಪ್ರವೇ ಹೌದಾ ಅಬ್ಬಾ?" ಎಂದಳು. ಹೌದು ಎಂದೆವು. ಅವಳು ರಿಮೋಟು ತೆಗೆದುಕೊಂಡು ಟೀವಿ ಬಂದ್ ಮಾಡಿ ತನ್ನ ಪುಸ್ತಕ ಬಿಡಿಸಿದಳು. ಆ ವಿಷಯದಲ್ಲಿ ಹೈಕೋರ್ಟಿನ ತೀರ್ಪು ಮಾರ್ಚ್ 15ರಂದು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಮಗಳ ಪ್ರಶ್ನೆ ಕಾನೂನಿನದ್ದಾಗಿರಲಿಲ್ಲ. ತಾನು ಕಂಡ ಊರು, ಟೀವಿ ತೋರಿಸುವ ಊರು ಎರಡೂ ಒಂದೇ ಆಗುವುದು ಹೇಗೆ ಎಂಬುದು ಅವಳ ಪ್ರಶ್ನೆ.

ವಿಚಿತ್ರ ನೋಡಿ, ಅದೇ ವರ್ಷ ಸೆಪ್ಟೆಂಬರ್ 30ರಂದು 'ಕಾಂತಾರ' ಸಿನಿಮಾ ಬಂತು. ಕೆರಾಡಿಯ ರಿಷಬ್ ಶೆಟ್ಟಿಯವರು ತಮ್ಮ ಊರಿನ ಸುತ್ತಲೇ ತೆಗೆದದ್ದು. ಫೆಬ್ರವರಿಯಲ್ಲಿ ಗೇಟು ತೋರಿಸಿದ ಅದೇ ವಾಹಿನಿಗಳು ಅಕ್ಟೋಬರ್‌ನಲ್ಲಿ ಕುಂದಾಪುರದ ಕಾಡು, ಕಂಬಳ, ಭಾಷೆ ಎಂದು ಹೊಗಳತೊಡಗಿದವು. ಆ ಪಾತ್ರಕ್ಕೆ 2024ರಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಘೋಷಣೆಯಾಯಿತು. ನಮಗೂ ಹೆಮ್ಮೆಯೇ. ಆದರೆ ಎಂಟು ತಿಂಗಳಲ್ಲಿ ಎರಡು ಕುಂದಾಪುರ ನೋಡಿದ ಮೇಲೆ ಟೀವಿಯ ಹೊಗಳಿಕೆಯನ್ನೂ ಅರ್ಧ ಗಂಟೆಗಿಂತ ಹೆಚ್ಚು ಕೇಳಬಾರದು ಎನಿಸಿತು.

ಇನ್ನೊಂದು ದಿನದ ಸಂಗತಿ ಹೇಳಿ ಮುಗಿಸುತ್ತೇವೆ. 2023ರ ಮೇ 13, ಮತ್ತೆ ಮತ ಎಣಿಕೆ. ಹಾಲಾಡಿಯವರು ಐದು ಸಲ ಗೆದ್ದು, ನಡುವೆ 2013ರಲ್ಲಿ ಪಕ್ಷವಿಲ್ಲದೆಯೂ ಗೆದ್ದು, ಈ ಸಲ ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಆದ್ದರಿಂದ ಟೀವಿಯಲ್ಲಿ ನಮ್ಮೂರಿನ ಹೆಸರು ಓಡುವ ಸಂಭವ ಇರಲಿಲ್ಲ. ಮಗನಿಗೆ ಅದೇ ಬೇಸರ. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135, ನಮ್ಮ ಜಿಲ್ಲೆಯ ಐದಕ್ಕೆ ಐದೂ ಬಿಜೆಪಿಗೆ. ಹೆಗ್ಡೇರಿಗೆ ಜಿಲ್ಲೆಯ ಸಂತೋಷ, ನಮಗೆ ರಾಜ್ಯದ ಸಂತೋಷ. ಯಾರು ಯಾರಿಗೆ ಚಾ ಕುಡಿಸಬೇಕೆಂಬುದು ತೀರ್ಮಾನವಾಗದೆ ಎರಡೂ ಮನೆಯಲ್ಲಿ ಎರಡೆರಡು ಸಲ ಕುಡಿದೆವು.

ರಜೆಗೆಂದು ಮುಂಬಯಿಯಿಂದ ಅಮ್ಮಿಯ ತಂಗಿಯ ಮೊಮ್ಮಕ್ಕಳು ಬಂದಿದ್ದರು. ಅವರಿಗೆ ಕನ್ನಡ ಬಾರದು. ಎಣಿಕೆ ಮುಗಿದ ಸಂಜೆ ಮಗಳು ಮೊಬೈಲಿನಿಂದ ಟೀವಿಗೆ 'ಕಾಂತಾರ' ಹಾಕಿದಳು. ಹಿಂದಿಯದ್ದು ಹಾಕೆಂದು ಆ ಮಕ್ಕಳು ಹೇಳಿದರೆ, ನಮ್ಮ ಭಾಷೆಯಲ್ಲೇ ನೋಡಬೇಕೆಂದು ನಮ್ಮ ಮಕ್ಕಳ ಹಟ. ಅಷ್ಟರಲ್ಲಿ ಹಾಲಿನ ಲೆಕ್ಕಕ್ಕೆ ಬಂದ ಹೆಗ್ಡೇರು ಕುಳಿತರು. ಹುಡುಗರು ಪಿಳಿಪಿಳಿ ನೋಡುವುದನ್ನು ಕಂಡು, ತಮ್ಮ ಹೋಟೆಲಿನ ಕಾಲದ ಮುಂಬಯಿ ಹಿಂದಿಯಲ್ಲಿ ಅರ್ಥ ಹೇಳತೊಡಗಿದರು. ದೈವದ ವಿಷಯ ಬಂದಲ್ಲಿ ಹಿಂದಿ ಶಬ್ದ ಸಿಗದೆ ತಡವರಿಸಿದರೆ, ಅವರು ಕನ್ನಡದಲ್ಲಿ ಹೇಳಿದ್ದನ್ನು ನಾವು ಉರ್ದುವಿನಲ್ಲಿ ದಾಟಿಸಿದೆವು. ಅಮ್ಮಿ ಇಶಾ ನಮಾಜಿಗೆ ಎದ್ದಾಗ ಸಿನಿಮಾ ನಿಲ್ಲಿಸಿ, ಅವರು ಬಂದ ಮೇಲೆ ಮುಂದುವರಿಸಿದೆವು.

ಎದ್ದು ಹೋಗುವಾಗ ಹೆಗ್ಡೇರು, "ದೊಡ್ಡಮ್ಮ ನಿನ್ಗೆ ಚಕ್ಕುಲಿ ಕೊಡ್ತಿದ್ರಲೆ, ನನ್ನ ಸಂಬ್ಳ ಎಲ್ಲಿತ್ತ್?" ಎಂದರು. ನಮ್ಮಾಕೆ ಒಳಗಿನಿಂದ ಒಂದು ಡಬ್ಬಿ ಸಮೋಸ ತಂದು ಕೊಟ್ಟಳು. ಗಲಾಟೆಯಲ್ಲಿ ರಿಮೋಟು ಎಲ್ಲಿ ಹೋಯಿತೆಂದು ರಾತ್ರಿ ಹುಡುಕಿದರೆ ಯಾರ ಕೈಯಲ್ಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅದು ಹೆಗ್ಡೇರ ಡಬ್ಬಿಯ ಚೀಲದೊಳಗಿನಿಂದ, ಹಾಲಿನ ಜೊತೆಗೆ ನಮ್ಮ ಜಗಲಿಗೆ ಬಂತು.